ಸಿಯಾಚಿನ್ ಹತ್ತೋ ಮುಂಚಿನ ಹದಿನಾಲ್ಕು ದಿನ

ನಾವು ಐದು ಜನ, ಒಂದೇ ಹಾಸ್ಟೆಲ್ ಫ್ಲೋರ್‌ನವರು, ಎರಡನೇ ಸೆಮ್ ಮುಗಿದ ರಜೆಯಲ್ಲಿ ಲೇಹ್‌ಗೆ ಹೋಗಿದ್ವಿ. ಬೆಂಗಳೂರಿಂದ ದೆಹಲಿ, ದೆಹಲಿಯಿಂದ ಲೇಹ್, ಎರಡೂ ಫ್ಲೈಟ್. ಸಂಜೆ 3,000 ಅಡಿ ಎತ್ತರದಲ್ಲಿದ್ದವರು ಬೆಳಗಾಗೋ ಹೊತ್ತಿಗೆ ಸುಮಾರು 11,000 ಅಡಿಯಲ್ಲಿದ್ವಿ. ಹೋಟೆಲ್ ಓನರ್ ಕೀ ಕೊಡುವಾಗಲೇ ಹೇಳಿದ್ರು: ಎರಡು ದಿನ ಮಲಗಿ, ನೀರು ಕುಡೀರಿ, ಎಲ್ಲೂ ಸುತ್ತಬೇಡಿ. ನಾವು ಒಳ್ಳೆ ಮಕ್ಕಳ ಥರ ತಲೆಯಾಡಿಸಿ, ಅವತ್ತು ಸಂಜೇನೇ ಶಾಂತಿ ಸ್ತೂಪದ ಮೆಟ್ಟಿಲು ಹತ್ತಿದ್ವಿ.

ನಮ್ಮ ಪೈಕಿ ದಿನಾ ತಪ್ಪದೆ ಜಿಮ್‌ಗೆ ಹೋಗೋನು ಒಬ್ಬನೇ. ತಲೆನೋವು ಶುರುವಾಗಿದ್ದು ಅವನಿಗೇ. ಅವನು ಯಾರಿಗೂ ಹೇಳಲಿಲ್ಲ. ಮೂರನೇ ದಿನಕ್ಕೆ ಖಾರ್ದುಂಗ್ ಲಾ ಟ್ಯಾಕ್ಸಿ ಬುಕ್ ಆಗಿತ್ತು, ತನ್ನಿಂದ ಪ್ಲ್ಯಾನ್ ಹಾಳಾಗಬಾರದು ಅಂತ ಸುಮ್ಮನಿದ್ದ. ಎರಡನೇ ರಾತ್ರಿ ವಾಂತಿ ಶುರುವಾಯ್ತು, ನೆಟ್ಟಗೆ ನಡೆಯೋಕೆ ಆಗ್ತಿರಲಿಲ್ಲ. ಎತ್ತಿಕೊಂಡು ಹೋದ ಹಾಗೆ ಕ್ಲಿನಿಕ್‌ಗೆ ಕರ್ಕೊಂಡು ಹೋದ್ವಿ. ಬೆರಳಿಗೆ ಕ್ಲಿಪ್ ಹಾಕಿ ನೋಡಿದ್ರೆ ಆಕ್ಸಿಜನ್ 74. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ತಲೆನೋವು ಯಾವಾಗಿಂದ? ಇವನು "ಇವತ್ತು ಸಂಜೆಯಿಂದ" ಅಂದ. ಮೂಗಿಗೆ ಪೈಪ್ ಹಾಕ್ಕೊಂಡು ಮಲಗಿದ್ದೂ ಸುಳ್ಳು ಹೇಳಿದ!

ಬೆಳಗಾಗುವಷ್ಟರಲ್ಲಿ ಸರಿಹೋದ. ಖಾರ್ದುಂಗ್ ಲಾ ಕ್ಯಾನ್ಸಲ್. (ಅಲ್ಲಿನ ಬೋರ್ಡ್ ಬಹಳ ಕಾಲ 18,380 ಅಡಿ ಅಂತಿತ್ತು, ನಿಜವಾಗಿ ಅಳತೆ ಮಾಡಿದವರು ಸುಮಾರು 17,600 ಅಂತಾರೆ. ಸಮಾಧಾನಕ್ಕೆ ಇದನ್ನ ಓದ್ಕೊಂಡ್ವಿ.)

ಈ ಕಥೆಯನ್ನ ದಸರಾ ರಜೆಯಲ್ಲಿ ಹಾಸನದಲ್ಲಿ, ನಮ್ಮಲ್ಲೊಬ್ಬನ ಸೋದರಮಾವನ ಮುಂದೆ ಜೋಕ್ ಥರ ಹೇಳಿದ್ವಿ. ಅವರು ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ರಿಟೈರ್ ಆದವರು. ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇರೋ ಎಂಇಜಿ ಸೆಂಟರ್ ಇದೆಯಲ್ಲ, ಅದೇ. ಅವರು ನಗಲಿಲ್ಲ. "ನಮ್ಮಲ್ಲಾಗಿದ್ರೆ ಮೊದಲ ಎರಡು ದಿನ ನಿಮ್ಮನ್ನ ಮಂಚದಿಂದ ಏಳೋಕೇ ಬಿಡ್ತಿರಲಿಲ್ಲ" ಅಂದ್ರು. ಸಿಯಾಚಿನ್‌ಗೆ ಹೋಗೋ ಸೈನಿಕನನ್ನ ಮೇಲೆ ಕಳಿಸೋ ಮುಂಚೆ ಏನೇನು ಮಾಡ್ತಾರೆ ಅಂತ ಅವತ್ತು ಮಧ್ಯಾಹ್ನ ಪೂರ್ತಿ ಹೇಳಿದ್ರು. ವಾಪಸ್ ಬಂದು ನಾವೂ ಒಂದಷ್ಟು ಓದಿದ್ವಿ. ಸಿನಿಮಾಗಳಲ್ಲಿ ಸೈನಿಕ ಟ್ರೈನ್ ಹತ್ತುತ್ತಾನೆ, ಅಮ್ಮ ಅಳ್ತಾಳೆ, ಮುಂದಿನ ಶಾಟ್‌ನಲ್ಲಿ ಹಿಮದ ಮೇಲೆ ಗನ್ ಹಿಡ್ಕೊಂಡಿರ್ತಾನೆ. ಈ ಎರಡು ಶಾಟ್‌ಗಳ ಮಧ್ಯೆ ನಿಜವಾಗಿ ಏನಾಗುತ್ತೆ ಅನ್ನೋದೇ ಈ ಲೇಖನ.

ಜಾಗದ ಪರಿಚಯ ಎರಡೇ ಮಾತಲ್ಲಿ. 1984ರ ಏಪ್ರಿಲ್ 13ರಂದು ಆಪರೇಷನ್ ಮೇಘದೂತ್ ಶುರುವಾದಾಗಿಂದ ನಮ್ಮ ಸೈನ್ಯ ಸಿಯಾಚಿನ್ ಹಿಮನದಿಯ ಮೇಲೆ ಇದೆ. ಬೇಸ್ ಕ್ಯಾಂಪ್ ಸುಮಾರು 12,000 ಅಡಿ, ಮೇಲಿನ ಕೆಲವು ಪೋಸ್ಟ್‌ಗಳು 20,000 ದಾಟುತ್ತವೆ. 2003ರ ನವೆಂಬರ್‌ನಿಂದ ಅಲ್ಲಿ ಕದನವಿರಾಮ. ಒಟ್ಟು ಲೆಕ್ಕದಲ್ಲಿ ಗುಂಡಿಗಿಂತ ಚಳಿ, ಎತ್ತರ, ಹಿಮಕುಸಿತಕ್ಕೆ ಸತ್ತವರೇ ಹೆಚ್ಚು.

ಮೊದಲು ಕಾಗದ. ಬೋರಿಂಗ್ ಅನ್ಸುತ್ತೆ, ಆದ್ರೆ ಸ್ಕಿಪ್ ಮಾಡ್ಬೇಡಿ.

ಪ್ರತಿ ಸೈನಿಕನ ಹಿಂದೆ ಒಂದು ರೆಕಾರ್ಡ್ ಆಫೀಸ್ ಇರುತ್ತೆ. ಮದುವೆ, ಮಗು, ವಿಳಾಸ, ಯಾವುದೇ ಬದಲಾವಣೆ ಆದ್ರೂ ಅದು ಪಾರ್ಟ್-ಟು ಆರ್ಡರ್ ಅನ್ನೋ ಆದೇಶದಲ್ಲಿ ಪ್ರಕಟ ಆಗಬೇಕು. ಅಲ್ಲಿ ಬರೋವರೆಗೆ ಮನೇಲಿ ತೊಟ್ಟಿಲಲ್ಲಿ ಮಲಗಿರೋ ಮಗು ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಕಷ್ಟದ ಜಾಗಕ್ಕೆ ಹೋಗೋ ಮುಂಚೆ ಯೂನಿಟ್‌ನ ಕ್ಲರ್ಕ್ ಒಬ್ಬೊಬ್ಬರನ್ನೇ ಕೂರಿಸಿ ಇದನ್ನೆಲ್ಲ ಓದಿಸ್ತಾರೆ: ಹತ್ತಿರದ ಸಂಬಂಧಿ ಯಾರು, ಆರ್ಮಿ ಗ್ರೂಪ್ ಇನ್ಶೂರೆನ್ಸ್‌ನ ನಾಮಿನಿ ಯಾರು, ಬ್ಯಾಂಕ್ ಅಕೌಂಟ್ ಜಾಯಿಂಟ್ ಆಗಿದೆಯಾ. ಆ ಇನ್ಶೂರೆನ್ಸ್ 1976ರಿಂದ ಇದೆ, ಕಂತು ಪ್ರತಿ ತಿಂಗಳು ಸಂಬಳದಲ್ಲೇ ಕಟ್ ಆಗುತ್ತೆ.

ಮಾವ ಹೇಳಿದ ಪ್ರಕಾರ ನಮ್ಮ ಕಡೆಯವರಿಗೆ ಇಲ್ಲಿ ಒಂದು ಸ್ಪೆಷಲ್ ತಲೆನೋವು. ಫಾರ್ಮ್‌ನಲ್ಲಿ ಫಸ್ಟ್ ನೇಮ್, ಸರ್‌ನೇಮ್ ಅಂತ ಎರಡು ಖಾನೆ. ನಮ್ಮ ಹೆಸರಲ್ಲಿ ಊರಿಗೊಂದು ಇನಿಷಿಯಲ್, ಅಪ್ಪನಿಗೊಂದು ಇನಿಷಿಯಲ್. ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಲ್ಲಿ ಬಿಡಿಸಿ ಬರೆದಿರ್ತಾರೆ. ಹೆಂಡತಿ ಹೆಸರು ಮದುವೆ ಪತ್ರದಲ್ಲಿ ಒಂದು, ರೇಷನ್ ಕಾರ್ಡಲ್ಲಿ ಇನ್ನೊಂದು. ನಮ್ಮಲ್ಲಿ ಸಿಇಟಿ ಡಾಕ್ಯುಮೆಂಟ್ ವೆರಿಫಿಕೇಷನ್‌ನಲ್ಲಿ ಒಂದು ಅಕ್ಷರಕ್ಕೆ ಅರ್ಧ ದಿನ ಕ್ಯೂ ನಿಂತವರು ಎಷ್ಟು ಜನ ಇಲ್ಲ? ನಮಗೆ ಅರ್ಧ ದಿನ ಹೋಯ್ತು ಅಷ್ಟೆ. ಸೈನಿಕ ಇಲ್ಲದೇ ಹೋದಾಗ ಅದೇ ಒಂದು ಅಕ್ಷರ ಅವನ ಮನೆಯವರ ಪೆನ್ಷನ್ ನಿಲ್ಲಿಸಬಹುದು. ಆಗ ಬಂದು ಸರಿಮಾಡೋಕೆ ಅವನೇ ಇರಲ್ಲ.

ಹತ್ತಿರದ ಸಂಬಂಧಿ ಅನ್ನೋ ಖಾನೆಯೂ ಸುಲಭದ್ದಲ್ಲ. ಮದುವೆಗೆ ಮುಂಚೆ ಅಲ್ಲಿ ಅಪ್ಪ ಅಮ್ಮ ಇರ್ತಾರೆ, ಮದುವೆ ಆದ ಮೇಲೆ ಹೆಂಡತಿ ಬರ್ತಾಳೆ. 2023ರ ಜುಲೈಯಲ್ಲಿ ಸಿಯಾಚಿನ್‌ನಲ್ಲೇ ಬೆಂಕಿ ಅವಘಡದಲ್ಲಿ ಸೇನಾ ವೈದ್ಯ ಕ್ಯಾಪ್ಟನ್ ಅಂಶುಮಾನ್ ಸಿಂಗ್ ತೀರಿಕೊಂಡ್ರು. ಮಾರನೇ ವರ್ಷ ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಬಂದ ಮೇಲೆ, ಈ ನಿಯಮ ಬದಲಾಗಬೇಕು ಅಂತ ಅವರ ತಂದೆ ತಾಯಿ ಕೇಳಿದ್ದು ದೇಶದಾದ್ಯಂತ ಚರ್ಚೆ ಆಯ್ತು. ಸೋಶಿಯಲ್ ಮೀಡಿಯಾದಲ್ಲಿ ಜನ ಆ ಕುಟುಂಬದ ಬಗ್ಗೆ ಬಾಯಿಗೆ ಬಂದ ಹಾಗೆ ಮಾತಾಡಿದ್ರು, ಅದು ನಮಗೆ ಅಸಹ್ಯ ಅನ್ನಿಸ್ತು. ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿನ ಒಬ್ಬರು ಅಮ್ಮನನ್ನೂ ಹೆಂಡತಿಯನ್ನೂ ಒಂದೇ ಖಾನೆಗೆ ಹೇಗೆ ಹೊಂದಿಸಬೇಕು ಹೇಳಿ.

ಕಾಗದದ ಜೊತೆಗೆ ಒಂದು ಲೋಹ. ಕುತ್ತಿಗೆಯಲ್ಲಿ ಸೈನಿಕನ ನಂಬರ್ ಕೊರೆದ ಗುರುತಿನ ಬಿಲ್ಲೆ ಇರುತ್ತೆ. ಮೇಘದೂತ್‌ನ ಶುರುವಿನಲ್ಲೇ, 1984ರ ಮೇ ಕೊನೆಯಲ್ಲಿ, 19 ಕುಮಾವ್ ಬೆಟಾಲಿಯನ್‌ನ ಒಂದು ಗಸ್ತು ಹಿಮಕುಸಿತಕ್ಕೆ ಸಿಕ್ಕಿತು. ಅದರಲ್ಲಿದ್ದ ಲ್ಯಾನ್ಸ್ ನಾಯಕ್ ಚಂದ್ರಶೇಖರ್ ಹರ್ಬೋಲಾ ಅವರ ದೇಹ ಸಿಕ್ಕಿರಲಿಲ್ಲ. ಸಿಕ್ಕಿದ್ದು 2022ರ ಆಗಸ್ಟ್‌ನಲ್ಲಿ, 38 ವರ್ಷ ಆದ ಮೇಲೆ. ಅವರೇ ಅಂತ ಗೊತ್ತಾಗಿದ್ದು ಆ ಬಿಲ್ಲೆಯ ನಂಬರ್‌ನಿಂದ, ಅದನ್ನ ಹಳೇ ದಾಖಲೆಗಳ ಜೊತೆ ತಾಳೆ ನೋಡಿ. ಹಲ್ದ್ವಾನಿಯಲ್ಲಿ ಅವರ ಹೆಂಡತಿ ಅಷ್ಟು ವರ್ಷ ಕಾಯ್ತಿದ್ರು. ಅಷ್ಟು ವರ್ಷ ಒಂದು ಫೈಲ್ ಕೂಡ ಎಲ್ಲೋ ಸರಿಯಾಗಿ ಇತ್ತು ಅನ್ನೋದು ನಮಗೆ ಆಶ್ಚರ್ಯ. ನಮ್ಮ ಕಾಲೇಜಲ್ಲಿ ಹೋದ ಸೆಮ್‌ನ ಲ್ಯಾಬ್ ರೆಕಾರ್ಡೇ ಸಿಗಲ್ಲ.

ಈಗ ಮೆಡಿಕಲ್. ಸೈನ್ಯದಲ್ಲಿ ಫಿಟ್ನೆಸ್‌ಗೆ ಒಂದು ಕೋಡ್ ಇದೆ, ಶೇಪ್ ಅಂತ. ಇಂಗ್ಲಿಷ್‌ನ ಐದು ಅಕ್ಷರ, ಐದು ವಿಷಯ: ಎಸ್ ಮನಸ್ಸಿನ ಆರೋಗ್ಯ, ಎಚ್ ಕಿವಿ, ಎ ಕೈಕಾಲು, ಪಿ ದೇಹದ ಒಟ್ಟು ಶಕ್ತಿ, ಇ ಕಣ್ಣು. ಎಲ್ಲದರಲ್ಲೂ ಒಂದನೇ ದರ್ಜೆ ಇದ್ರೆ ಶೇಪ್-ಒನ್. ಯಾವುದರಲ್ಲಾದ್ರೂ ಜಾರಿದ್ರೆ ಲೋ ಮೆಡಿಕಲ್ ಕೆಟಗರಿ. ಐದರಲ್ಲಿ ಮೊದಲನೇ ಅಕ್ಷರವೇ ಮನಸ್ಸಿಗೆ ಇರೋದು ನಮಗೆ ಇಷ್ಟ ಆಯ್ತು, ಅಕ್ಷರ ಹೊಂದಿಸೋಕೆ ಹಾಗೆ ಬಂದಿದ್ರೂ ಸರಿ.

ಹಿಮನದಿಗೆ ಹೋಗೋನು ಫಿಟ್ ಇರಬೇಕು. ಬಿಪಿ, ತೂಕ, ಇಸಿಜಿ, ರಕ್ತ ಎಲ್ಲ ನೋಡ್ತಾರೆ. ಹಿಂದೆ ಎತ್ತರದಲ್ಲಿ ಏನಾದ್ರೂ ತೊಂದರೆ ಆಗಿತ್ತಾ ಅಂತಾನೂ ಕೇಳ್ತಾರೆ, ಯಾಕಂದ್ರೆ ಒಮ್ಮೆ ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಮತ್ತೆ ಆಗೋ ಸಾಧ್ಯತೆ ಹೆಚ್ಚು. ಆದ್ರೆ ಇಷ್ಟೆಲ್ಲ ಟೆಸ್ಟ್ ಮಾಡಿದ್ರೂ ಯಾರಿಗೆ ಎತ್ತರ ಆಗಿಬರಲ್ಲ ಅಂತ ಕೆಳಗೆ ಕೂತು ಹೇಳೋಕೆ ಆಗಲ್ಲ. ಮ್ಯಾರಥಾನ್ ಓಡೋನು ಮಲಗಿಬಿಡಬಹುದು, ಪಕ್ಕದಲ್ಲಿ ಹೊಟ್ಟೆ ಬಿಟ್ಟಿರೋ ಅಡುಗೆಯವನು ಆರಾಮಾಗಿರಬಹುದು. ನಮ್ಮ ಜಿಮ್ ಗೆಳೆಯನ ಕೇಸ್ ಅದೇ.

ಯಾಕೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ, ಪರೀಕ್ಷೆಗೆ ಬರಲ್ಲ, ಹೆದರಬೇಡಿ. ಎಷ್ಟೇ ಮೇಲೆ ಹೋದ್ರೂ ಗಾಳಿಯಲ್ಲಿ ಆಕ್ಸಿಜನ್ 21 ಪರ್ಸೆಂಟೇ. ಕಡಿಮೆ ಆಗೋದು ಒತ್ತಡ. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಪಾದರಸ, 18,000 ಅಡಿಯಲ್ಲಿ ಹತ್ತಿರ ಹತ್ತಿರ ಅರ್ಧ, ಅಂದ್ರೆ 380. ಮೂಗಿನೊಳಗೆ ಹೋದ ಗಾಳಿ ಒದ್ದೆಯಾಗುತ್ತೆ, ಆ ನೀರಾವಿಯ ಒತ್ತಡ ಎಲ್ಲೇ ಇದ್ರೂ 47. ಅದನ್ನ ಕಳೆದು 21 ಪರ್ಸೆಂಟ್ ತೆಗೆದ್ರೆ ಕೆಳಗೆ ಸುಮಾರು 150, ಮೇಲೆ 70. ಅರ್ಧಕ್ಕಿಂತಲೂ ಕಡಿಮೆ! ನೀರಾವಿ ತನ್ನ ಪಾಲು ಬಿಟ್ಟುಕೊಡಲ್ಲ, ಏಟು ಬೀಳೋದು ಆಕ್ಸಿಜನ್‌ಗೆ.

ದೇಹ ಇದಕ್ಕೆ ತಕ್ಷಣ ಮಾಡೋ ಕೆಲಸ ಜೋರಾಗಿ ಉಸಿರಾಡೋದು. ಆದ್ರೆ ಜೋರಾಗಿ ಉಸಿರಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತೆ, ರಕ್ತ ಕ್ಷಾರೀಯ ಆಗುತ್ತೆ, ಆಗ ಮೆದುಳು "ಸಾಕು, ನಿಧಾನ" ಅಂತ ಬ್ರೇಕ್ ಹಾಕುತ್ತೆ. ಒಂದು ಕಂಟ್ರೋಲರ್ ಆಕ್ಸಿಲರೇಟರ್ ಒತ್ತುತ್ತಿದೆ, ಇನ್ನೊಂದು ಬ್ರೇಕ್. ಈ ಜಗಳ ಬಿಡಿಸೋದು ಕಿಡ್ನಿ. ಅದು ಬೈಕಾರ್ಬೊನೇಟ್ ಅನ್ನು ಮೂತ್ರದಲ್ಲಿ ಹೊರಗೆ ಕಳಿಸಿ ರಕ್ತವನ್ನ ಸಮಕ್ಕೆ ತರುತ್ತೆ, ಬ್ರೇಕ್ ಸಡಿಲ ಆಗುತ್ತೆ. ಆದ್ರೆ ಕಿಡ್ನಿಯ ಟೈಮ್ ಕಾನ್‌ಸ್ಟಂಟ್ ಗಂಟೆಗಳಲ್ಲಲ್ಲ, ದಿನಗಳಲ್ಲಿ. ಬೈಸೆಪ್ಸ್ ಎಷ್ಟಿದ್ರೂ ಕಿಡ್ನಿ ಬೇಗ ಕೆಲಸ ಮಾಡಲ್ಲ. ಜನ ನುಂಗೋ ಡೈಮಾಕ್ಸ್ ಮಾತ್ರೆ ಇದೇ ಕೆಲಸಕ್ಕೆ ಸ್ವಲ್ಪ ತಳ್ಳು ಕೊಡುತ್ತೆ ಅಷ್ಟೆ.

ಅಪಾಯ ಇರೋದು ಶ್ವಾಸಕೋಶದಲ್ಲಿ. ಶ್ವಾಸಕೋಶದ ಯಾವುದೋ ಮೂಲೆಗೆ ಆಕ್ಸಿಜನ್ ಹೋಗ್ತಿಲ್ಲ ಅಂದ್ರೆ ಅಲ್ಲಿನ ರಕ್ತನಾಳ ತಾನಾಗೇ ಕಿರಿದಾಗಿ, ರಕ್ತವನ್ನ ಚೆನ್ನಾಗಿರೋ ಕಡೆ ತಿರುಗಿಸುತ್ತೆ. ಊರಲ್ಲಿ ಕಫ ಕಟ್ಟಿದಾಗ ಇದು ಒಳ್ಳೇ ಡಿಸೈನ್. ಎತ್ತರದಲ್ಲಿ ಎಲ್ಲ ಮೂಲೆಯಲ್ಲೂ ಆಕ್ಸಿಜನ್ ಕಡಿಮೆ, ಎಲ್ಲ ನಾಳಗಳೂ ಒಟ್ಟಿಗೆ ಕಿರಿದಾಗ್ತವೆ, ಅದೂ ಸಮನಾಗಿ ಅಲ್ಲ. ಒತ್ತಡ ಏರಿ, ತಡೆಯಲಾಗದ ಕಡೆ ನೀರು ಸೋರುತ್ತೆ. ಸಾಮಾನ್ಯವಾಗಿ ಮೇಲೆ ಬಂದ ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ, ಹೆಚ್ಚಾಗಿ ರಾತ್ರಿ ಹೊತ್ತು ಬಿಗಡಾಯಿಸುತ್ತೆ. ಒಣ ಕೆಮ್ಮು, ಆಮೇಲೆ ನೊರೆ. ಮೆದುಳು ಊದಿಕೊಳ್ಳೋದು ಇನ್ನೊಂದು ಕಾಯಿಲೆ, ಅದರ ಮೊದಲ ಸೂಚನೆಗಳಲ್ಲಿ ಒಂದು ನೆಟ್ಟಗೆ ನಡೆಯೋಕೆ ಆಗದೇ ಇರೋದು. ಇದನ್ನ ಓದಿದಾಗ ನಾವು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ಪಾಠ ನಮ್ಮ ಸೈನ್ಯ ಕಲಿತಿದ್ದು 1962ರಲ್ಲಿ. ಚೀನಾ ಯುದ್ಧದ ಗಡಿಬಿಡಿಯಲ್ಲಿ ಬಯಲು ಸೀಮೆಯ ಬೆಟಾಲಿಯನ್‌ಗಳನ್ನ ನೇರವಾಗಿ ಎತ್ತರಕ್ಕೆ ಕಳಿಸಿದ್ರು, ಎಷ್ಟೋ ಜನ ಹತ್ತಿ ಬಟ್ಟೆ, ಕ್ಯಾನ್ವಾಸ್ ಶೂನಲ್ಲೇ. ಚುಶೂಲ್ ಕಡೆ 14,000 ಅಡಿ ಮೇಲೆ. ಗುಂಡು ತಗಲದೆ ಮಲಗಿದವರ ದಾಖಲೆಗಳನ್ನ ಸೇನಾ ವೈದ್ಯರು ಇಟ್ಕೊಂಡ್ರು. ಇಂದರ್ ಸಿಂಗ್ ಮತ್ತು ಜೊತೆಯವರು 11,000ದಿಂದ 18,000 ಅಡಿಗೆ ಹೋದ 1,925 ಸೈನಿಕರ ಬಗ್ಗೆ 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನವನ್ನ ಇವತ್ತಿಗೂ ಎತ್ತರದ ಕಾಯಿಲೆ ಬಗ್ಗೆ ಬರೆಯೋ ಡಾಕ್ಟರ್‌ಗಳು ಉಲ್ಲೇಖಿಸ್ತಾರೆ. ಆ 1,925 ಜನರಲ್ಲಿ ಯಾರೂ ಸ್ವಯಂಸೇವಕರಾಗಿ ಎಕ್ಸ್‌ಪೆರಿಮೆಂಟ್‌ಗೆ ಬಂದವರಲ್ಲ ಅನ್ನೋದು ನೆನಪಿರಲಿ.

ಅಂಥ ಅನುಭವದಿಂದ ಬಂದ ಟೈಮ್‌ಟೇಬಲ್ ಈಗ ಹೀಗಿದೆ. ಮೊದಲ ಹಂತ 9,000ದಿಂದ 12,000 ಅಡಿ, ಆರು ದಿನ. ಮೊದಲ ಎರಡು ದಿನ ರೆಸ್ಟ್, ಅಕ್ಕಪಕ್ಕ ಸ್ವಲ್ಪ ಓಡಾಡಬಹುದು ಅಷ್ಟೆ. ಮೂರು, ನಾಲ್ಕನೇ ದಿನ ಸಮತಟ್ಟಿನಲ್ಲಿ ನಿಧಾನಕ್ಕೆ ಒಂದೂವರೆಯಿಂದ ಮೂರು ಕಿಲೋಮೀಟರ್. ಐದು, ಆರನೇ ದಿನ ಐದು ಕಿಲೋಮೀಟರ್ ತನಕ, ಜೊತೆಗೆ 300 ಮೀಟರ್ ಏರು. ಎರಡನೇ ಹಂತ 15,000 ಅಡಿವರೆಗೆ, ನಾಲ್ಕು ದಿನ. ಮೂರನೇದು ಅದಕ್ಕಿಂತ ಮೇಲೆ, ಮತ್ತೆ ನಾಲ್ಕು ದಿನ. ಈ ಎರಡು ಹಂತದಲ್ಲೂ ಮೊದಲು ಬರಿಗೈ ನಡಿಗೆ, ಕೊನೇ ದಿನ ಬೆನ್ನ ಮೇಲೆ ಸಾಮಾನು ಹೊತ್ತು ಏರು. ಒಟ್ಟು ಹದಿನಾಲ್ಕು. ಹಂತ ಹಂತಕ್ಕೆ ಡಾಕ್ಟರ್ ನೋಡಿ ಸೈ ಅಂದ್ರೆ ಮಾತ್ರ ಮುಂದಕ್ಕೆ. ರಜೆಗೆ ಊರಿಗೆ ಹೋಗಿ ತಿಂಗಳ ಮೇಲೆ ಇದ್ದು ಬಂದ್ರೆ ಮೊದಲಿಂದ ಶುರು. ಹತ್ತು ವರ್ಷದ ಅನುಭವ ಇದೆ ಸಾರ್ ಅಂದ್ರೂ ಕಿಡ್ನಿಗೆ ಸೀನಿಯಾರಿಟಿ ಗೊತ್ತಾಗಲ್ಲ.

ಇದರ ನಡುವೆ ಬೇಸ್ ಕ್ಯಾಂಪ್ ಹತ್ತಿರದ ಸಿಯಾಚಿನ್ ಬ್ಯಾಟಲ್ ಸ್ಕೂಲ್‌ನಲ್ಲಿ ಹಿಮದ ಗೋಡೆ ಹತ್ತೋದು, ಹಗ್ಗಕ್ಕೆ ಎಲ್ಲರೂ ಒಟ್ಟಿಗೆ ಕಟ್ಟಿಕೊಂಡು ನಡೆಯೋದು, ಬಿರುಕಿಗೆ ಬಿದ್ದವನನ್ನ ಎಳೆಯೋದು ಕಲಿಸ್ತಾರೆ. ಬಟ್ಟೆ, ಬೂಟು, ಕನ್ನಡಕ ಕೊಡ್ತಾರೆ. ಕೊಡ್ತಾರೆ ಅಂತ ಸುಲಭವಾಗಿ ಬರೆದ್ವಿ, ಆದ್ರೆ 2020ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡಿಸಿದ ಸಿಎಜಿ ವರದಿಯಲ್ಲಿ ಹಿಮದ ಕನ್ನಡಕಗಳ ಕೊರತೆ 62ರಿಂದ 98 ಪರ್ಸೆಂಟ್ ತನಕ ಇತ್ತು ಅಂತ ಇದೆ. ಅದು ಕೆಲವು ವರ್ಷ ಹಿಂದಿನ ಲೆಕ್ಕ, ಈಗ ಸರಿಯಾಗಿದೆ ಅಂತ ಸೈನ್ಯ ಹೇಳಿತು. ಸೈನಿಕನ ಫಾರ್ಮ್‌ನಲ್ಲಿ ಒಂದು ಅಕ್ಷರ ತಪ್ಪಾದ್ರೆ ವಾಪಸ್ ಕಳಿಸೋ ವ್ಯವಸ್ಥೆ, ತನ್ನ ಪಟ್ಟಿಯಲ್ಲಿ ಕನ್ನಡಕ ಇಲ್ಲದಾಗ ಎಷ್ಟು ದಿನ ಸುಮ್ಮನಿತ್ತು?

ಎಲ್ಲ ಸಹಿ ಆದ ಮೇಲೆ ಇನ್ನೊಂದು ರಿಪೋರ್ಟಿಂಗ್ ಬಾಕಿ ಇರುತ್ತೆ. ಬೇಸ್ ಕ್ಯಾಂಪ್‌ನಲ್ಲಿ ಓಪಿ ಬಾಬಾ ಅಂತ ಒಂದು ಗುಡಿ ಇದೆ. ಓಂ ಪ್ರಕಾಶ್ ಅನ್ನೋ ಸೈನಿಕ ಹಿಮನದಿಯಲ್ಲಿ ಕಾಣೆಯಾಗಿ, ಈಗಲೂ ಕಾಯ್ತಿದ್ದಾನೆ ಅನ್ನೋದು ನಂಬಿಕೆ. ಮೇಲೆ ಹೋಗೋ ತಂಡ ಅವನ ಮುಂದೆ ಅಧಿಕಾರಿಗೆ ಕೊಟ್ಟ ಹಾಗೇ ರಿಪೋರ್ಟ್ ಕೊಡುತ್ತೆ, ಇಳಿದು ಬಂದ ಮೇಲೂ ಕೊಡುತ್ತೆ. ಎಲ್ಲ ಧರ್ಮದವರೂ. ಸೈನ್ಸ್ ಓದೋರು ನಾವು, ನಗಬಹುದಿತ್ತು. ಹೋಗ್ತಿದ್ದೀವಿ, ಇಷ್ಟು ಜನ, ವಾಪಸ್ ಬಂದು ಹೇಳ್ತೀವಿ ಅನ್ನೋ ಲೆಕ್ಕ ಇನ್ನೊಬ್ಬರ ಹತ್ತಿರ ಇರಲಿ ಅನ್ನೋದು ನಮಗೆ ನಗೋ ವಿಷಯ ಅನ್ನಿಸಲಿಲ್ಲ.

ಇಷ್ಟು ಮಾಡಿದ್ರೂ ಹಿಮಕುಸಿತಕ್ಕೆ ಯಾವ ಫಾರ್ಮ್ ಇಲ್ಲ. 2016ರ ಫೆಬ್ರವರಿ 3ರಂದು ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದಾಗ 19 ಮದ್ರಾಸ್‌ನ ಹತ್ತು ಜನ ಅಡಿಯಲ್ಲಿ ಸಿಕ್ಕಿಕೊಂಡ್ರು. ಅವರಲ್ಲಿ ಮೂವರು ನಮ್ಮ ರಾಜ್ಯದವರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಿದ್ರು, ಫೆಬ್ರವರಿ 11ಕ್ಕೆ ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡ್ರು. ನಾವಾಗ ಪ್ರೈಮರಿ ಸ್ಕೂಲ್. ಪ್ರೇಯರ್‌ನಲ್ಲಿ ಒಂದು ನಿಮಿಷ ಮೌನ ನಿಂತಿದ್ದು ಮಾತ್ರ ನೆನಪಿದೆ.

ಹಿಮಕುಸಿತವನ್ನ ತಡೆಯೋಕೆ ಆಗಲ್ಲ, ತಲೆನೋವನ್ನ ಮಾತ್ರ ಹೇಳಬಹುದು. ಇಡೀ ಹದಿನಾಲ್ಕು ದಿನದ ವ್ಯವಸ್ಥೆ ನಿಂತಿರೋದು ಸೈನಿಕ ಬಾಯಿಬಿಟ್ಟು "ಸಾರ್, ತಲೆ ನೋಯ್ತಿದೆ" ಅನ್ನೋದರ ಮೇಲೆ. ಬೇಗ ಹೇಳಿದ್ರೆ ಔಷಧಿ ಕೆಳಗಿಳಿಯೋದು, ಅಷ್ಟೆ. ಇಳಿಯೋಕೆ ಆಗದಿದ್ರೆ ಕಾಲಲ್ಲಿ ಪಂಪ್ ಒತ್ತಿ ಗಾಳಿ ತುಂಬೋ ಚೀಲದೊಳಗೆ ಮಲಗಿಸ್ತಾರೆ. ಒಳಗೆ ಒತ್ತಡ ಏರಿ, ಮಲಗಿದಲ್ಲೇ ಒಂದೂವರೆ ಎರಡು ಸಾವಿರ ಮೀಟರ್ ಇಳಿದ ಹಾಗಾಗುತ್ತೆ. ಅದು ಹೆಲಿಕಾಪ್ಟರ್ ಬರೋವರೆಗಿನ ಸಮಯ ಕೊಡುತ್ತೆ. ಆದ್ರೆ ಕತ್ತಲಲ್ಲಿ, ಗಾಳಿಯಲ್ಲಿ ಹೆಲಿಕಾಪ್ಟರ್ ಬರಲ್ಲ.

ಹಾಗಿದ್ರೂ ಜನ ಮುಚ್ಚಿಡ್ತಾರೆ. ಯಾಕೆ ಅಂತ ಮಾವನನ್ನ ಕೇಳಿದ್ವಿ. ಕೆಟಗರಿ ಕೆಳಗೆ ಹೋದ್ರೆ ಪ್ರಮೋಷನ್‌ಗೆ ಕಲ್ಲು ಬೀಳಬಹುದು ಅಂತ ಒಂದು ಹೆದರಿಕೆ. ಅದಕ್ಕಿಂತ ದೊಡ್ಡದು, ನಾನು ಹೋಗದಿದ್ರೆ ನನ್ನ ಬದಲು ಇನ್ನೊಬ್ಬ ಹೋಗ್ತಾನೆ, ಅನ್ನೋದು. ಅದಕ್ಕೇ ಜೊತೆಯವನ ಮೇಲೆ ಕಣ್ಣಿಡೋಕೆ ಹೇಳ್ತಾರಂತೆ. ಊಟ ಬಿಟ್ಟನಾ, ಸುಮ್ಮಸುಮ್ಮನೆ ರೇಗ್ತಿದ್ದಾನಾ, ಬೂಟ್ ಲೇಸ್ ಕಟ್ಟೋಕೆ ತಡಕಾಡ್ತಿದ್ದಾನಾ. ಅವನು ಹೇಳದಿದ್ರೆ ನೀನು ಹೇಳು.

ಆಮೇಲೆ ಮಾವ ತಮ್ಮದೇ ವಿಷಯ ಹೇಳಿದ್ರು. ಎರಡನೇ ಹಂತದ ಎರಡನೇ ರಾತ್ರಿ ಅವರಿಗೆ ತಲೆನೋವು, ಕೆಮ್ಮು. ಬೆಳಿಗ್ಗೆ ಡಾಕ್ಟರ್‌ಗೆ ಹೇಳಿದ್ರು. ಅವತ್ತೇ ಕೆಳಗೆ ಕಳಿಸಿದ್ರು. ಅವರ ಸೆಕ್ಷನ್ ಮೇಲೆ ಹೋಯ್ತು, ಇವರ ಜಾಗದಲ್ಲಿ ರಜೆ ಮುಗಿಸಿ ಬಂದು ಎಲ್ಲ ಹಂತ ದಾಟಿದ್ದ ಗದಗದ ಕಡೆಯ ಒಬ್ಬ ಹುಡುಗ ಹೋದ. ಇವರು ವಾರಗಟ್ಟಲೆ ಕೆಳಗೆ ಸ್ಟೋರ್‌ನಲ್ಲಿ ಸೀಮೆಎಣ್ಣೆ ಜೆರ್ರಿಕ್ಯಾನ್ ಲೆಕ್ಕ ಬರೆದು, ಆಮೇಲೆ ಮೊದಲ ಹಂತದಿಂದ ಮತ್ತೆ ಶುರುಮಾಡಿ ಮೇಲೆ ಹೋದ್ರು.

"ಆ ಹುಡುಗನಿಗೆ ಏನಾದ್ರೂ ಆಯ್ತಾ?" ಅಂತ ನಮ್ಮ ಜಿಮ್ ಗೆಳೆಯ ಕೇಳಿದ.

"ಏನೂ ಆಗಲಿಲ್ಲ. ಚೆನ್ನಾಗಿದ್ದಾನೆ, ಹೋದ ತಿಂಗಳು ಫೋನ್ ಮಾಡಿದ್ದ" ಅಂದ್ರು ಮಾವ. ಕಾಫಿ ಲೋಟ ಕೆಳಗಿಟ್ಟು, "ಆದ್ರೆ ಅವನು ಇಳಿದು ಬರೋ ತನಕ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ" ಅಂದ್ರು.